ಕಪಾಟಿನಲ್ಲಿ ಸಿಕ್ಕಿಕೊಂಡ ಕೊನೆಯ ಅಧ್ಯಾಯ

ಬೆಟಗೇರಿ, ಗುರುವಾರ

ಗ್ರಂಥಪಾಲಕರಾದ ಮೌನೇಶ ಸರ್ ಅವರಿಗೆ, ನೇಕಾರ ಓಣಿಯ ಓದುಗ ಬಳಗದ ಹೆಂಗಸರ ನಮಸ್ಕಾರ.

ನಾವು ಓದುತ್ತಿದ್ದ ಕಾದಂಬರಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ, ಬದಲಿಗೆ ಉಪ್ಪಿನಕಾಯಿ ಪುಸ್ತಕ ಓದಿರೆಂದು ಶಿಫಾರಸು ಮಾಡಿದಿರಿ. ಗ್ರಂಥಪಾಲಕರು ಗ್ರಂಥ ಪಾಲಿಸಬೇಕು ಸರ್, ಗಂಡಂದಿರ ಅಪ್ಪಣೆಯನ್ನಲ್ಲ.

ದೂರು ಕೊಟ್ಟವರು ನಮ್ಮ ಸುಮಿತ್ರವ್ವನ ಯಜಮಾನರೆಂದು ಗೊತ್ತು. “ಒಂದ್ ತಾಸು ಓದಾಕ ಹೊಂಟೀನಿ, ಚಾ ನೀವ ಮಾಡ್ಕೋರಿ” ಎಂದು ಆಕೆ ಅವರಿಗೆ ಹೇಳಿದಳಂತೆ. ಅದಕ್ಕೆ ಕಾದಂಬರಿಯೇ ಕಾರಣವೆಂದು ಅವರ ವಾದ. ಇಷ್ಟು ವರ್ಷ ಚಹಾ ಕಾಸಿದ ಕೈಗೆ ಬೇರೆ ಕಾರಣ ಬೇಕೇ?

ಉಪ್ಪಿನಕಾಯಿ ಪುಸ್ತಕ ವಾಪಸು ಕಳಿಸಿದ್ದೇವೆ. “ಅದನ್ನ ಸುಮಿತ್ರವ್ವನ ಯಜಮಾನರಿಗೇ ಕೊಡ್ರಿ, ಚಾದ ಮುಂದಿನ ಪಾಠ ಆಕ್ಕೈತಿ” ಎಂದು ಬಳಗದ ಹನಮಂತವ್ವ ಹೇಳಿಕಳಿಸಿದ್ದಾಳೆ.

ಒಬ್ಬಳು ಓದುವುದು, ಉಳಿದವರು ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತ ಕೇಳುವುದು ನಮ್ಮ ಪದ್ಧತಿ. ಕಥಾನಾಯಕಿ ಗಂಡನ ಮನೆ ಬಿಟ್ಟು, ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಮುಂದಿನದು ನಿಮ್ಮ ಕಪಾಟಿನಲ್ಲಿದೆ.

ಶನಿವಾರ ಬೀಗ ತೆಗೆದಿಡಿ. ಇಲ್ಲದಿದ್ದರೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು, ಓಣಿಗೆಲ್ಲ ಕೇಳುವಂತೆ, ಕೊನೆಯ ಅಧ್ಯಾಯವನ್ನು ನಾವೇ ಕಟ್ಟಿ ಹೇಳುತ್ತೇವೆ. ಬರೆದವರು ಆಕೆಯನ್ನು ಮನೆಗೆ ಮರಳಿಸಿರಲೂಬಹುದು. ನಾವು ಬಸ್ಸು ಹತ್ತಿಸುತ್ತೇವೆ.

ಬಳಗದ ಪರವಾಗಿ, ಈ ವಾರ ಓದುವ ಸರದಿಯವಳು,
ನೇತ್ರಾ