ಸೊಟ್ಟ ಕೊಳವೆಯ ಇಂಜಿನ್

ಭಾನುವಾರ, ಏಳನೇ ತಾರೀಕು
ಮಧ್ಯಾಹ್ನ ಎರಡು ಗಂಟೆ

ಅಕ್ಕಾ,

ನಿನ್ನ ಮೊಂಡ ತಮ್ಮನ ನಮಸ್ಕಾರ. ಊಟ ನಿದ್ದೆ ಎರಡೂ ಸರಿಯಾಗಿದೆ ಎಂದು ಬರೆಯಬೇಕೆಂದು ಕುಳಿತೆ. ಊಟ ಸರಿಯಾಗಿದೆ.

ನೀನೂ ಗುಬ್ಬಿಯೂ ಬಂದುಹೋಗಿ ಇವತ್ತಿಗೆ ಮೂರು ವಾರ. ನಿನ್ನ ಮಗಳು ಕೊಟ್ಟುಹೋದ ಕಾಗದ ಭದ್ರವಾಗಿದೆ, ಹಾರಿಹೋಗದಿರಲಿ ಎಂದು ಅಂಟಿನ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಅವಳು ಹೇಳಿದ್ದೆಲ್ಲ ನೆನಪಿದೆ. ಹಳೇ ಸ್ಟೇಷನ್ನಿನ ಕಟ್ಟಡದಲ್ಲಿ ಒಂದು ಫಲಕ ಹಾಕುತ್ತಾರೆ, ಅಲ್ಲಿ ದುಡಿದವರೆಲ್ಲರ ಹೆಸರೂ ಅದರಲ್ಲಿರುತ್ತದೆ, ಗೇಟು ಕಾಯುತ್ತಿದ್ದ ಭಾವನದೊಂದನ್ನು ಬಿಟ್ಟು. ಗೇಟಿನಲ್ಲಿ ಆದ ಅಪಘಾತಕ್ಕೆ ಅವರನ್ನು ಕೆಲಸದಿಂದ ತೆಗೆದಿದ್ದರಲ್ಲ, ಅದಕ್ಕೆ. ಅಪಘಾತದ ದಿನ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದವನು ‘ತಪ್ಪು ಗೇಟಿನವರದಲ್ಲ’ ಎಂದು ಬರೆದುಕೊಟ್ಟರೆ ಹೆಸರು ಸೇರಿಸುತ್ತಾರಂತೆ. ಹತ್ತನೇ ತಾರೀಕೇ ಕೊನೆ. ಕ್ಯಾಬಿನ್ನಿನಲ್ಲಿದ್ದವನು ನಾನೇ. “ಒಂದೇ ಒಂದು ಸಹಿ ಮಾಮ” ಅಂದಳು ಗುಬ್ಬಿ. ನಾನು “ನೋಡೋಣಮ್ಮ” ಅಂದೆ. ಆ ವಿಷಯಕ್ಕೆ ಬರುತ್ತೇನೆ, ಮೊದಲು ನನ್ನ ಮಾದರಿ ರೈಲಿನ ಕಥೆ ಕೇಳು.

ನಗಬೇಡ. ಮಹಡಿಯ ಉದ್ದ ಕೋಣೆ ಪೂರ್ತಿ ಅದೇ ಆಗಿರುವುದನ್ನು ನೀನೇ ಕಣ್ಣಾರೆ ಕಂಡೆ. ಒಂಬತ್ತು ವರ್ಷದ ಕೆಲಸ. ನಿಜದ ಅಳತೆಯಲ್ಲಿ ಎಂಬತ್ತೇಳನೇ ಒಂದು ಪಾಲು, ಅಂದರೆ ಆರಡಿ ಆಳು ಮುಕ್ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು. ನಾನೂ ಭಾವನೂ ದುಡಿದ ಸ್ಟೇಷನ್ನು ಆ ವರ್ಷ ಹೇಗಿತ್ತೋ ಹಾಗೇ ಇದೆ. ನೆಲಕ್ಕೆ ಸೋಸಿ ಉಳಿದ ಚಹಾಪುಡಿ ಒಣಗಿಸಿ ಉದುರಿಸಿದ್ದೇನೆ, ಮರಗಳಿಗೆ ಒಣಕಡ್ಡಿ ಮತ್ತು ಪಾತ್ರೆ ತೊಳೆಯುವ ಸ್ಪಂಜು. ಸ್ಪಂಜು ಕಾಣೆಯಾದಾಗಲೆಲ್ಲ ನನ್ನಾಕೆ ಕೆಳಗಿಂದಲೇ ಕೂಗುತ್ತಾಳೆ, “ಇನ್ನೂ ಎಷ್ಟು ಕಾಡು ಬೆಳೆಸ್ತೀರಿ? ನಾನು ಪಾತ್ರೆ ನಾಲಿಗೇಲಿ ತೊಳೀಲಾ?” ಎಂದು. ನೀರಿನ ಟ್ಯಾಂಕು ಸೋರುತ್ತಿದ್ದ ಮೂಲೆ, ಎರಡನೇ ಬೆಂಚಿನ ಮುರಿದ ಹಲಗೆ, ಯಾವುದನ್ನೂ ಬಿಟ್ಟಿಲ್ಲ. ನಲವತ್ತೊಂದು ಜನರನ್ನು ಕೈಯಾರೆ ಕೆತ್ತಿ ಬಣ್ಣ ಹಚ್ಚಿದ್ದೇನೆ.

ನೀನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಒಂದು ಸುತ್ತು ಬಂದೆ. ಕೊನೆಗೆ ರಸ್ತೆ ಹಳಿ ದಾಟುವಲ್ಲಿ ನಿಂತು, “ಗೇಟಿದೆ, ಗೇಟಿನವರು ಎಲ್ಲಿ?” ಎಂದು ಕೇಳಿದೆ. ನಾನು “ಬಣ್ಣ ಮುಗಿದಿದೆ ಅಕ್ಕ, ಮಾಡ್ಬೇಕು” ಅಂದೆ. ಕಪಾಟಿನಲ್ಲಿ ಹನ್ನೊಂದು ಬಾಟಲಿ ಬಣ್ಣ ಇತ್ತು. ನಾಲ್ಕು ಸಲ ಭಾವನ ಬೊಂಬೆ ಮಾಡಲು ಕುಳಿತಿದ್ದೇನೆ, ನಾಲ್ಕು ಸಲವೂ ಎದ್ದಿದ್ದೇನೆ.

ನೀನು ಕೇಳಿ ಹೋದ ಮೇಲಿನ ಭಾನುವಾರದಿಂದ ಶುರುವಾಯಿತು.

ಭಾನುವಾರ ನಾನು ಹಳೇ ವೇಳಾಪಟ್ಟಿಯಂತೆ ಏಳು ಗಾಡಿ ಓಡಿಸುತ್ತೇನೆ, ಗೊತ್ತಲ್ಲ. ಗಾಡಿ ಹತ್ತಿರ ಬಂದರೆ ಹಲಗೆಯ ಕೆಳಗಿನ ಪುಟ್ಟ ಮೋಟಾರು ತಾನೇ ಗೇಟು ಇಳಿಸುತ್ತದೆ. ನಿಜದಲ್ಲಿ ಹಾಗಿರಲಿಲ್ಲ, ಗೇಟಿನವರ ಹೆಂಡತಿಯಾದ ನಿನಗೆ ನಾನು ಪಾಠ ಹೇಳಬೇಕಿಲ್ಲ. ಕ್ಯಾಬಿನ್ನಿನಿಂದ ಮೂರು ಬೆಲ್ಲು: ಗಾಡಿ ಬರುತ್ತಿದೆ. ಭಾವ ಹಿಡಿಕೆ ತಿರುಗಿಸಿ ಗೇಟು ಇಳಿಸಿ ಎರಡು ಬೆಲ್ಲು ಕೊಡಬೇಕು: ಗೇಟು ಮುಚ್ಚಿದೆ. ಆ ಎರಡು ಬಂದ ಮೇಲೇ ನಾನು ಸಿಗ್ನಲ್ ಎಳೆಯಬೇಕು. ಇಷ್ಟೆಲ್ಲ ನಿಖರವಾಗಿ ಮಾಡಿದವನು ಈ ಬೆಲ್ಲು ಮಾತ್ರ ಇಡಲಿಲ್ಲ. ಆಟಿಕೆಯ ಗೇಟಿಗೆ ಬೆಲ್ಲು ಯಾಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ಭಾನುವಾರ ಆರು ಗಾಡಿಗೆ ಗೇಟು ಇಳಿಯಿತು. ನಾಲ್ಕು ಇಪ್ಪತ್ತರ ಗಾಡಿಗೆ ಇಳಿಯಲಿಲ್ಲ. ತೆರೆದ ಗೇಟಿನ ನಡುವೆಯೇ ಗಾಡಿ ಸಾಗಿಹೋಯಿತು. ಮತ್ತೆ ಓಡಿಸಿದೆ, ಮತ್ತೆ ಹಾಗೇ. ನನ್ನಾಕೆ ಕಾಫಿ ತಂದವಳು ನನ್ನ ಮುಖ ನೋಡಿ, “ಗೇಟ್ ಇಳೀಲಿಲ್ಲ ಅಂದ್ರೆ ಏನಾಯ್ತೀಗ, ಬೊಂಬೆಗಳು ಸಾಯ್ತಾವಾ?” ಅಂದಳು. ನನಗೆ ನಗು ಬರಲಿಲ್ಲ.

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಫ್ಯೂಸಪ್ಪನನ್ನು ಕರೆಸಿದೆ. ಅವನು ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಎರಡು ಗಂಟೆ ಹಲಗೆಯ ಕೆಳಗೆ ಮಲಗಿದ್ದ. ತಂತಿ ಬದಲಾಯಿಸಿದ, ಮೋಟಾರು ಬದಲಾಯಿಸಿದ. ಬೇರೆ ಇಂಜಿನ್ ಓಡಿಸಿದರೆ ಗೇಟು ಗಪ್ಪನೆ ಇಳಿಯುತ್ತದೆ. ನಾಲ್ಕು ಇಪ್ಪತ್ತರ ಗಾಡಿ ಎಳೆಯುವ ಆ ಒಂದು ಇಂಜಿನ್ ಬಂದರೆ ಮಾತ್ರ ಅಲ್ಲಾಡುವುದಿಲ್ಲ. ಇಂಜಿನ್ನಿನ ತಳ ಬಿಚ್ಚಿ, ಗೇಟಿನ ಮೋಟಾರಿಗೆ ಸುಳಿವು ಕೊಡುವ ಅಯಸ್ಕಾಂತವನ್ನೂ ಹೊಸದು ಹಾಕಿದ. ಮತ್ತೆ ಓಡಿಸಿದೆವು. ಅವನು ಬಗ್ಗಿ ಗೇಟಿನ ಕಡೆ ಬಹಳ ಹೊತ್ತು ನೋಡಿ, “ಸಾರ್, ಇದು ಕರೆಂಟಿನ ಕೆಲಸ ಅಲ್ಲ” ಅಂದು ಎದ್ದುಹೋದ. ಸ್ಕ್ರೂಡ್ರೈವರ್ ಇಲ್ಲೇ ಬಿಟ್ಟಿದ್ದಾನೆ. ಬಂದು ತಗೋ ಎಂದರೆ, ಇರಲಿ ಬಿಡಿ ಸಾರ್, ಇನ್ನೊಂದಿದೆ ಅನ್ನುತ್ತಾನೆ.

ಆ ಇಂಜಿನ್ ಯಾವುದೆಂದು ನಿನಗೆ ಗೊತ್ತು. ನಾನು ಮಾಡಿದ ಮೊಟ್ಟಮೊದಲನೆಯದು, ಮೂವತ್ತನಾಲ್ಕು ವರ್ಷ ಹಳೆಯದು, ಹೊಗೆಕೊಳವೆ ಎಡಕ್ಕೆ ಸೊಟ್ಟಗಿರುವುದು. ನಿನ್ನ ಮೂಗಿನ ಹಾಗೇ ಇದೆ ಕಣೋ ಎಂದು ಯಾವಾಗಲೂ ರೇಗಿಸುತ್ತೀಯಲ್ಲ, ಅದು. ಯಾಕೆ ನೆಟ್ಟಗೆ ಮಾಡಲಿಲ್ಲ ಎಂದು ನೀನು ಕೇಳಿದಾಗಲೆಲ್ಲ ಸೋಮಾರಿತನ ಅಂದಿದ್ದೇನೆ. ಸೋಮಾರಿತನ ಅಲ್ಲ.

ಮುಂದಿನದನ್ನು ನಿಧಾನವಾಗಿ ಓದು. ಗುಬ್ಬಿ ಪ್ರೀತಿಯಿಂದ ಕೊಟ್ಟುಹೋದಳಲ್ಲ, ಉಗುರಿನಷ್ಟು ಕ್ಯಾಮೆರಾ, ಇಂಜಿನ್ನಿನ ಮೂತಿಗೆ ಕಟ್ಟಿದರೆ ಡ್ರೈವರಿಗೆ ಕಾಣುವ ಹಾಗೆ ಫೋನಿನಲ್ಲಿ ಕಾಣುತ್ತದೆ ಎಂದು? ತೊಂದರೆ ಎಲ್ಲಿದೆಯೋ ನೋಡೋಣವೆಂದು ಕಳೆದ ಭಾನುವಾರ ಅದನ್ನು ಸೊಟ್ಟ ಕೊಳವೆಯ ಇಂಜಿನ್ನಿಗೆ ಕಟ್ಟಿದೆ. ಮಟಮಟ ಬಿಸಿಲಿನ ಹೊತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಫೋನ್ ಹಿಡಿದು ಕ್ಯಾಬಿನ್ನಿನ ಪಕ್ಕ, ನನ್ನ ಮಾಮೂಲಿ ಸ್ಟೂಲಿನ ಮೇಲೆ ಕುಳಿತಿದ್ದೆ.

ಮೊದಲು ಸುರಂಗದ ಕತ್ತಲೆ. ಆಮೇಲೆ ಬೆಳಕು. ಚಹಾಪುಡಿ ಬಂಡೆಗಳಷ್ಟು ದೊಡ್ಡದಾಗಿ ಕಾಣುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಜನ ನಿಂತಿದ್ದರು, ಮುಖದ ಮೇಲೆ ಕುಂಚದ ಗೆರೆಗಳು, ಕಣ್ಣಿಗೆ ಎರಡು ಕಪ್ಪು ಚುಕ್ಕೆ. ಗಾಡಿ ಟ್ಯಾಂಕು ದಾಟಿತು, ತಿರುವು ಹಿಡಿಯಿತು, ಗೇಟು ಕಂಡಿತು. ಗೇಟಿನ ಹತ್ತಿರ ಒಬ್ಬರು ನಿಂತಿದ್ದರು. ಮುಖದ ಮೇಲೆ ಕುಂಚದ ಗೆರೆ ಇರಲಿಲ್ಲ. ಬಲಗೈ ಹಿಡಿಕೆಯ ಮೇಲೆ, ಎಡಗೈಯಲ್ಲಿ ಅಂಗಿಯ ಕಾಲರ್ ಹಿಡಿದುಕೊಂಡಿದ್ದರು. ಹಾಗೆ ಕಾಲರ್ ಹಿಡಿದು ನಿಲ್ಲುತ್ತಿದ್ದವರು ಒಬ್ಬರೇ, ಅದಕ್ಕಾಗಿ ನೀನು ಎಷ್ಟು ಸಲ ಬೈದಿದ್ದೀಯ, ಕಾಲರ್ ಹರಿಯುತ್ತೆ ಎಂದು. ಅವರು ಗಾಡಿಯ ಕಡೆ ನೋಡುತ್ತಿರಲಿಲ್ಲ, ಅಕ್ಕ. ಕ್ಯಾಬಿನ್ನಿನ ಕಡೆ ನೋಡುತ್ತಿದ್ದರು. ಬೆಲ್ಲಿಗೆ ಕಾಯುವವರು ಕಿವಿ ಸ್ವಲ್ಪ ಮುಂದೆ ಮಾಡಿ ನಿಲ್ಲುತ್ತಾರಲ್ಲ, ಹಾಗೆ.

ತಲೆ ಎತ್ತಿ ಹಲಗೆಯ ಮೇಲೆ ನೋಡಿದೆ. ಗೇಟಿನ ಹತ್ತಿರ ಯಾರೂ ಇಲ್ಲ. ಬೆರಳಿಟ್ಟು ಮುಟ್ಟಿ ನೋಡಿದೆ, ಬರೀ ಚಹಾಪುಡಿ. ಮತ್ತೆ ಓಡಿಸಿದೆ, ಫೋನಿನಲ್ಲಿ ಮತ್ತೆ ನಿಂತಿದ್ದರು. ಕಣ್ಣಿನ ದೋಷವೋ ಏನೋ ಎಂದು ನನ್ನಾಕೆಯನ್ನು ಕೂಗಿದೆ, ಏನೂ ಹೇಳದೆ ಫೋನ್ ಕೈಗೆ ಕೊಟ್ಟೆ. ಅವಳು ನೋಡಿದಳು. “ನಿಮ್ಮ ಭಾವ ಅಲ್ವಾ ಇದು? ಯಾಕ್ರೀ ಹಾಗೆ ಕಾಯ್ತಾ ನಿಂತಿದ್ದಾರೆ?” ಅಂದಳು. ಆಮೇಲೆ ಅವರು ಹೋಗಿ ಹನ್ನೆರಡು ವರ್ಷವಾಯಿತು ಎಂದು ಅವಳಿಗೆ ನೆನಪಾಗಿರಬೇಕು. ಫೋನನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟು ಕೆಳಗೆ ಹೋದಳು. ವಾರದಿಂದ ಮಹಡಿ ಹತ್ತಿಲ್ಲ, ಕಾಫಿ ಮೆಟ್ಟಿಲ ಮೇಲೇ ಇಡುತ್ತಾಳೆ.

ಈ ವಾರವಿಡೀ ಯೋಚಿಸಿದೆ. ಯೋಚಿಸುವುದಕ್ಕೇನೂ ಇರಲಿಲ್ಲ, ಹೆದರಿಕೆಯನ್ನು ಯೋಚನೆ ಎಂದು ಕರೆದೆ, ಅಷ್ಟೇ. ಈಗ ಹೇಳಿಬಿಡುತ್ತೇನೆ.

ಅವತ್ತು ನಾನು ಬೆಲ್ಲು ಹೊಡೆಯಲಿಲ್ಲ, ಅಕ್ಕ.

ನಿಯಮ ಬೆಲ್ಲು ಮೊದಲು, ಸಿಗ್ನಲ್ ಆಮೇಲೆ. ನಾನು ಅದನ್ನು ಯಾವತ್ತೋ ತಲೆಕೆಳಗು ಮಾಡಿಕೊಂಡಿದ್ದೆ. ಸಿಗ್ನಲ್ ಎಳೆದುಬಿಡುವುದು, ಬೆಲ್ಲು ನಿಧಾನಕ್ಕೆ ಹೊಡೆಯುವುದು. ಭಾವ ಅಲ್ಲವಾ ಗೇಟಿನಲ್ಲಿ, ಒಂದು ದಿನವೂ ತಪ್ಪಿದವರಲ್ಲ, ಹೊಡೆದ ಕೂಡಲೇ ಇಳಿಸುತ್ತಾರೆ ಎಂಬ ಧೈರ್ಯ. ಅವರು ಅಷ್ಟು ಒಳ್ಳೆಯ ಕೆಲಸಗಾರರಾಗಿದ್ದದ್ದೇ ನನ್ನನ್ನು ಕೆಡಿಸಿತು ಎಂದು ಬರೆದರೆ ನೀನು ಈ ಕಾಗದ ಹರಿದು ಹಾಕಬಹುದು. ಹರಿಯಬೇಡ, ಪೂರ್ತಿ ಓದಿ ಹರಿ.

ಆಗಷ್ಟೇ ಈ ಹುಚ್ಚು ಹತ್ತಿತ್ತು. ಮೊದಲ ಇಂಜಿನ್ನನ್ನು ಡ್ಯೂಟಿಯ ಮೇಲೇ, ಕ್ಯಾಬಿನ್ನಿನ ಮೇಜಿನಲ್ಲಿ ಮಾಡುತ್ತಿದ್ದೆ. ನಾಲ್ಕು ಇಪ್ಪತ್ತರ ಗಾಡಿಗೆ ಸಿಗ್ನಲ್ ಎಳೆದೆ. ಹೊಗೆಕೊಳವೆಗೆ ಅಂಟು ಹಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತೆ. ಆರುವವರೆಗೆ ಬಿಡುವ ಹಾಗಿಲ್ಲ. ಇನ್ನೊಂದು ನಿಮಿಷ, ಆಮೇಲೆ ಬೆಲ್ಲು ಎಂದುಕೊಂಡೆ. ಗಾಡಿಯ ಸೀಟಿ ಕೇಳಿದಾಗ ಕೈ ಬಿಟ್ಟೆ. ಕೊಳವೆ ಎಡಕ್ಕೆ ವಾಲಿತು. ಕಿಟಕಿಗೆ ಓಡಿದೆ. ಹಾಲಿನ ವ್ಯಾನು ಹಳಿಯ ಮೇಲಿತ್ತು. ಭಾವ ಕೈ ಬೀಸುತ್ತಾ ಗಾಡಿಗೆ ಎದುರಾಗಿ ಓಡುತ್ತಿದ್ದರು.

ವ್ಯಾನಿನ ಡ್ರೈವರ್ ಅಲ್ಲೇ ಸತ್ತ. ವಿಚಾರಣೆಯಲ್ಲಿ ನಾನು, ಮೂರು ಹೊಡೆದೆ, ಎರಡು ಬಂತು ಅಂದೆ. ಪಕ್ಕದಲ್ಲಿ ಭಾವ ನಿಂತಿದ್ದರು. ಅವರು ‘ಇವನು ಹೊಡೆಯಲಿಲ್ಲ’ ಎನ್ನಬಹುದಿತ್ತು. ಅನ್ನಲಿಲ್ಲ. “ನನಗೆ ಕೇಳಿಸಲಿಲ್ಲ ಸ್ವಾಮಿ” ಅಂದರು, ಅಷ್ಟೇ. ತಮಗೆ ಗೊತ್ತಿರುವುದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ ಆ ಪುಣ್ಯಾತ್ಮ. ಅದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡರು.

ಆಮೇಲಿನ ಇಪ್ಪತ್ತೆರಡು ವರ್ಷ ನೀನು ಅವರೊಂದಿಗೆ ಬಾಳಿದವಳು, ನಾನು ಏನು ಹೇಳಲಿ? ಅವರು ನನ್ನ ಮಾತನ್ನು ನಂಬಿದರು ಅಕ್ಕ, ಅದೇ ನನ್ನನ್ನು ತಿನ್ನುತ್ತಿರುವುದು. ಹೆಂಡತಿಯ ತಮ್ಮ ಸುಳ್ಳು ಹೇಳಲಾರ, ಹಾಗಾದರೆ ಕಿವಿಯೇ ಕೆಟ್ಟಿರಬೇಕು ಎಂದುಕೊಂಡರು. ಕಿವಿ ಡಾಕ್ಟರ ಹತ್ತಿರ ಎಷ್ಟು ಸಲ ಹೋದರು! ಕಿವಿಯಲ್ಲಿ ಏನೂ ದೋಷವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರೂ ಸಮಾಧಾನವಿಲ್ಲ. ಉಣ್ಣುತ್ತಾ ಕುಳಿತವರು ತುತ್ತು ಕೈಯಲ್ಲೇ ಹಿಡಿದು, “ಈಗೇನಾದ್ರೂ ಬೆಲ್ಲಾಯ್ತಾ?” ಎಂದು ಕೇಳುತ್ತಿದ್ದರು. ನೀನು ಇಲ್ಲಾ ರೀ ಅನ್ನುತ್ತಿದ್ದೆ. ಒಂದು ಸಲ ನಾನೂ ಪಂಕ್ತಿಯಲ್ಲಿದ್ದೆ. ನನ್ನ ಕಡೆ ತಿರುಗಿ, “ನಿಂಗೇನಾದ್ರೂ ಕೇಳಿಸ್ತೇನಪ್ಪಾ?” ಅಂದರು. ನಾನು ನೀರು ಕುಡಿದೆ.

ಇಷ್ಟು ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಗುಬ್ಬಿಯ ಕಾಗದದಲ್ಲಿ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಫಲಕದಿಂದ ನನ್ನ ಹೆಸರು ತೆಗೆಯಲು ಕೆಳಗೆ ಒಂದು ಸಾಲು ಸೇರಿಸಿದ್ದೇನೆ. ವ್ಯಾನಿನ ಡ್ರೈವರನ ಮನೆಯವರಿಗೂ ಒಂದು ಪತ್ರ ಬರೆಯಬೇಕು, ಅದು ಇದಕ್ಕಿಂತ ಕಷ್ಟ. ನೀನು ಬೈಯಲು ಬರುವುದಾದರೆ ಬಾ, ಬಾಗಿಲು ತೆಗೆದಿರುತ್ತೇನೆ. ಬಾರದಿದ್ದರೂ ಅದು ನ್ಯಾಯವೇ.

ಇನ್ನೊಂದು ಕೆಲಸ ಉಳಿದಿದೆ. ಕ್ಯಾಬಿನ್ ಮುಚ್ಚಿದಾಗ ಅಲ್ಲಿನ ಬೆಲ್ಲಿನ ಗುಂಡಿಯನ್ನು ಮನೆಗೆ ತಂದಿಟ್ಟುಕೊಂಡಿದ್ದೆ, ಹಿತ್ತಾಳೆಯದು. ಬೆಳಿಗ್ಗೆ ಅದನ್ನು ತಿಕ್ಕಿ, ಮಾದರಿಯ ಕ್ಯಾಬಿನ್ನಿನಿಂದ ಗೇಟಿನ ಗುಡಿಸಲಿಗೆ ಒಂದು ತಂತಿ ಎಳೆದಿದ್ದೇನೆ. ಗುಡಿಸಲಲ್ಲಿ ಒಂದು ಸಣ್ಣ ಬೆಲ್ಲಿಟ್ಟಿದ್ದೇನೆ. ಈ ಕಡೆ ಏನೂ ಇಟ್ಟಿಲ್ಲ. ಉತ್ತರ ಕೇಳುವ ಯೋಗ್ಯತೆ ನನಗಿಲ್ಲ ಎಂದು ಬಿಟ್ಟೆ. ನಿನಗೆ ಹೇಳದೆ ಬೆಲ್ಲು ಹೊಡೆದರೆ ಅದೂ ಒಂದು ಸುಳ್ಳಾಗುತ್ತಿತ್ತು, ಅದಕ್ಕೇ ಮೊದಲು ಪತ್ರ. ಈಗ ನಾಲ್ಕು ಗಂಟೆ ಹತ್ತು ನಿಮಿಷ. ಮೇಲೆ ಹೋಗುತ್ತೇನೆ.

ಇಷ್ಟು ವರ್ಷ ನಿನ್ನ ಕೈಯ ಊಟ ಉಂಡ,
ನಿನ್ನ ತಮ್ಮ

ತಾ.ಕ.: ಅಕ್ಕ, ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓದಲಾಗದಿದ್ದರೆ ಗುಬ್ಬಿಯ ಕೈಯಲ್ಲಿ ಓದಿಸು. ಸೊಟ್ಟ ಕೊಳವೆಯ ಇಂಜಿನ್ ಬಿಟ್ಟೆ. ಅದು ಸುರಂಗದಲ್ಲಿರುವಾಗಲೇ ಮೂರು ಬೆಲ್ಲು ಹೊಡೆದೆ. ಗೇಟು ಇಳಿಯಿತು. ನಮ್ಮ ಮೋಟಾರು ಗಪ್ಪನೆ ಬೀಳಿಸುತ್ತದೆ, ಇದು ಹಾಗಲ್ಲ, ಯಾರೋ ಹಿಡಿಕೆ ತಿರುಗಿಸಿ ಇಳಿಸಿದ ಹಾಗೆ ಸುತ್ತು ಸುತ್ತಾಗಿ ಇಳಿಯಿತು. ಆಮೇಲೆ ಈ ಕಡೆ, ಬೆಲ್ಲೇ ಇಲ್ಲದ ನನ್ನ ಕ್ಯಾಬಿನ್ನಿನಲ್ಲಿ ಎರಡು ಸಲ ಬೆಲ್ಲಾಯಿತು. ಭ್ರಮೆ ಅಂದುಕೊಳ್ಳುವಷ್ಟರಲ್ಲಿ ನನ್ನಾಕೆ ಕೆಳಗಿಂದ “ಯಾರ್ರೀ ಅದು ಬೆಲ್ ಮಾಡಿದ್ದು?” ಎಂದು ಕೂಗಿದಳು. ಭಾವನ ಕಿವಿ ಸರಿಯಾಗಿಯೇ ಇತ್ತು. ಹೊಡೆದ ಕೂಡಲೇ ಅವರಿಗೆ ಕೇಳಿಸಿತು ಅಕ್ಕ.