ತಾವು ಕುರ್ಚಿ ಹಾಕಿ ಕುಳಿತಿದ್ದ ಹಳ್ಳ

ಮಾನ್ಯ ರಸ್ತೆ ಇಂಜಿನಿಯರ್ ಸಾಹೇಬರೇ,

ನಾಗಮಂಗಲದ ಮೇಲಿನ ನಮ್ಮ ದಿಣ್ಣೆಯಲ್ಲಿ ‘ಹಳ್ಳವಿರುವುದಿಲ್ಲ’ ಎಂದು ಬರೆದುಕೊಂಡು, ೧೯೯೪ರಲ್ಲಿ ಅದೇ ಹಳ್ಳಕ್ಕೆ ಅಡ್ಡಲಾಗಿ, ನೀರು ಹಾಯಲು ಅಡಿಯಲ್ಲಿ ಒಂದು ಮೋರಿಯನ್ನೂ ಇಡದೆ, ಆಳೆತ್ತರದ ರಸ್ತೆ ಎಳೆದಿರಿ. ಮೂರು ಮಳೆಗಾಲ ಕಳೆಯಿತು. ಕೆಳಗಿನ ನಮ್ಮ ಕೆರೆಗೆ ಒಂದು ಬೊಗಸೆ ನೀರು ಇಳಿದಿಲ್ಲ. ನಾನು ಆ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ನನ್ನ ಕೆಲಸವಾಗಿತ್ತು.

ತಮ್ಮೊಬ್ಬರನ್ನೇ ದೂರಿ ಏನು ಫಲ? ಶ್ರೀರಂಗಪಟ್ಟಣದ ಕಡೆಯ ನಾಲೆ ನೋಡಿದವರಿಗೆ ನೀರೆಂದರೆ ದಿನವೂ ಕಾಣುವ ವಸ್ತು. ನಮ್ಮ ಹಳ್ಳ ಹರಿಯುವುದು ವರ್ಷಕ್ಕೆ ನಾಲ್ಕೈದು ದಿನ. ಮಿಕ್ಕ ದಿನ ಅಲ್ಲಿ ಕುರಿ ಮಲಗುತ್ತವೆ. ತಾವು ಅಳತೆಗೆ ಬಂದದ್ದು ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ. ಹಳ್ಳದೊಳಗೇ ಕುರ್ಚಿ ಹಾಕಿಸಿಕೊಂಡು ‘ಹಳ್ಳ ಎಲ್ರೀ?’ ಎಂದು ಕೇಳಿದಿರಿ. ಏನೇ ಕಟ್ಟುವ ಮೊದಲು ಒಂದು ಕೊಡ ನೀರು ಸುರಿದು, ಅದು ಹೋದ ದಾರಿ ಬಿಟ್ಟು ಕಟ್ಟುವುದು ನಮ್ಮ ಪದ್ಧತಿ. ನಾಲ್ಕು ಮಾರು ಮೇಲಿನಿಂದ ಸುರಿದೆ. ನೀರು ನೆಟ್ಟಗೆ ತಮ್ಮ ಕುರ್ಚಿಯ ಕೆಳಗೇ ಬಂತು. ತಾವು ಬೂಟುಕಾಲು ಎತ್ತಿಕೊಂಡಿರೇ ಹೊರತು ಬರೆದದ್ದನ್ನು ತಿದ್ದಲಿಲ್ಲ.

ಕಳೆದ ಆಶ್ವೀಜದಲ್ಲಿ ಒಳ್ಳೆಯ ಮಳೆ ಬಂತು. ನೀರು ರಸ್ತೆಗೆ ಬಡಿದು ನಿಂತು, ಪಕ್ಕಕ್ಕೆ ತಿರುಗಿ, ಯಾರಿಗೂ ಬೇಡದ ಕಲ್ಲುಕೊರಕಲಿಗೆ ಇಳಿದುಹೋಯಿತು. ಮೂವತ್ತು ವರ್ಷ ನನ್ನ ಜೊತೆ ನೀರುಗಂಟಿಯಾಗಿದ್ದ ಚಿಕ್ಕಮಾದಯ್ಯ ಅದನ್ನು ನೋಡಿದ.

“ನೀರೇ ಬರ್ದಿರೋ ಕೆರೇಲಿ ಇನ್ನೇನ್ಲಾ ಕಾಯ್ತೀಯ? ಬಂದ್ಬುಡು, ಮಾಕವಳ್ಳೀಲಿ ಕಬ್ಬು ಕಡಿಯೋ ಕೆಲ್ಸ ಐತೆ.”

“ಬಂದ್ಬುಟ್ರೆ ತೂಬು ಎತ್ತೋರು ಯಾರ್ಲಾ?” ಎಂದೆ.

ಅವನು ಬಸ್ಸು ಹತ್ತಿದ. ಬಸ್ಸು ಬಂದದ್ದು ತಮ್ಮ ರಸ್ತೆಯಲ್ಲೇ.

ಮೊದಲ ನೀರು ಕಂಡಾಗ ಕೆರೆಯ ಏರಿಯ ಆ ತುದಿಯಿಂದ ಅವನು ಕೂಗುತ್ತಿದ್ದ, ಈ ತುದಿಯಿಂದ ನಾನು ಓಗೊಡುತ್ತಿದ್ದೆ. ಆಮೇಲೆಯೇ ಊರು ಗುದ್ದಲಿ ಹಿಡಿಯುತ್ತಿತ್ತು. ಈಗಲೂ ಮೋಡ ಕವಿದರೆ ಏರಿಯ ಮೇಲೆ ಹೋಗಿ ನಿಲ್ಲುತ್ತೇನೆ. ಒಬ್ಬನೇ ನಿಲ್ಲುವುದು ಬಹಳ ಕಷ್ಟ ಸ್ವಾಮಿ.

ನಾನು ಕೇಳುವುದು ಒಂದೇ ಒಂದು ಮೋರಿ, ಈ ಮಳೆಗಾಲಕ್ಕೆ ಮೊದಲು. ಜಾಗ ಹುಡುಕುವ ತೊಂದರೆಯೂ ತಮಗೆ ಬೇಡ, ತಮ್ಮ ಕುರ್ಚಿ ಇದ್ದ ಕಡೆಯೇ ಅಗೆಯಿರಿ. ನೀರು ಬಂದರೆ ಚಿಕ್ಕಮಾದಯ್ಯ ಬಂದೇ ಬರುತ್ತಾನೆ. ಅದೂ ಆಗದೆಂದರೆ, ನಾನು ಕೂಗಿದಾಗ ಏರಿಯ ಆ ತುದಿಯಲ್ಲಿ ನಿಂತು ಓಗೊಡಲು ತಮ್ಮ ಕಚೇರಿಯಿಂದ ಒಬ್ಬರನ್ನು ಕಳುಹಿಸಿಕೊಡಿ.

ಇಂತಿ,
ತಮ್ಮ ಲೆಕ್ಕದಲ್ಲಿ ಇಲ್ಲದ ಹಳ್ಳಕ್ಕೆ ಕಾದು ಕುಳಿತಿರುವ
ಶಿವಲಿಂಗಯ್ಯ, ನೀರುಗಂಟಿ