ಹದಿನಾರು ಅಂಕಿಯ ಕಾರ್ಡು

ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗಿ ಟಕಟಕಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿಯಿತ್ತು ಎಂದು ಹೇಳಬಹುದು, ಆದರೆ ಈ ಮನೆಯಲ್ಲಿ ಕೆಲಸ ಇಲ್ಲದ ದಿನ ಯಾವತ್ತಿತ್ತು? ಬರೆಯಲು ಕೂತೆ, ಎದ್ದೆ, ಅಷ್ಟೇ. ಬೇಸರ ಮಾಡಿಕೊಳ್ಳಬೇಡ. ಟಕಟಕಿ ಎಂಬುದು, ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪು ಮಾಡಿದವಳೆಂದು ನಿನ್ನ ಭಾವ ಇಟ್ಟ ಹೆಸರು. ಆ ಹೆಸರಿನಿಂದ ಕರೆಯುವವಳು ಇನ್ನು ನಾನೊಬ್ಬಳೇ.

ಹೊಲಿಗೆಮನೆ ನಡೆಯುತ್ತಿದೆ. ಎರಡು ಶಾಲೆಗಳ ಸಮವಸ್ತ್ರದ ಕೆಲಸ ಬಂದಿದೆ. ಗುಂಡಿ ಹಾಕುವವಳು ಈಗಲೂ ಹಲ್ಲಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಾಳೆ, ಬೈದರೂ ಬಿಟ್ಟಿಲ್ಲ. ಕಟಿಂಗ್ ಮಾಸ್ಟರನ ನಾಲಿಗೆಯೂ ಹಾಗೇ ಇದೆ. ನೀನು ಹೋದ ಮೇಲೆ ಶಾಲೆಗಳಿಗೆ ಪತ್ರ ನಾನೇ ಕೈಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಮಾಸ್ಟರ್ ಒಂದನ್ನು ಎತ್ತಿ ನೋಡಿ, "ಅಮ್ಮೋರೇ, ಇದನ್ನ ಹೆಡ್‌ಮೇಷ್ಟ್ರು ಡಾಕ್ಟರ ಚೀಟಿ ಅಂತ ಮೆಡಿಕಲ್ ಶಾಪಿಗೆ ತಗೊಂಡೋಗ್ತಾರೆ ನೋಡಿ. ಚಿಕ್ಕಮ್ಮೋರನ್ನ ಕರೆಸ್ಕೊಳ್ಳಿ ಅತ್ಲಾಗೆ" ಎಂದ. ನಕ್ಕವರ ಕಡೆ ನಾನು ತಿರುಗಿ ನೋಡಿದೆ. ಯಂತ್ರಗಳೆಲ್ಲ ಒಟ್ಟಿಗೇ ಓಡತೊಡಗಿದವು.

ಕರೆಯಲೆಂದೇ ಬರೆಯುತ್ತಿದ್ದೇನೆ. ಬುಧವಾರ ನಿನ್ನ ಹಾಸ್ಟೆಲಿನ ಮೇಲ್ವಿಚಾರಕಿ ಫೋನ್ ಮಾಡಿದ್ದಳು. ವಕೀಲರ ಕಚೇರಿಯವರು ಟೈಪಿಂಗಿಗೆ ಕರೆದರೆ, "ನನ್ನ ಬೆರಳು ನೆಟ್ಟಗಿಲ್ಲ, ನಾನು ಒತ್ತಿದ್ದು ನಂಬೋ ಹಾಗಿಲ್ಲ" ಎಂದು ಕಳಿಸಿಬಿಟ್ಟೆಯಂತೆ. ಊಟವನ್ನೂ ಸರಿಯಾಗಿ ಮಾಡುತ್ತಿಲ್ಲವಂತೆ. "ನಿಮ್ಮ ತಂಗಿ ಇಡೀ ದಿನ ಕೈ ಕಟ್ಕೊಂಡು ಮಂಚದ ಮೇಲೆ ಕೂತಿರ್ತಾರೆ, ಅವರ ಮೇಲೆ ಯಾರಾದ್ರೂ ಏನಾದ್ರೂ ಹೊರಿಸಿದಾರಾ?" ಎಂದು ಕೇಳಿದಳು. ನಾನು ಫೋನ್ ಇಟ್ಟೆ.

ನಡೆದದ್ದನ್ನು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಬ್ಯಾಂಕಿನ ನಂಬರು ಕಂಡವರ ಕೈಗೆ ಸಿಗಬಾರದೆಂದು ಆನ್‌ಲೈನಿನಲ್ಲಿ ಏನು ತರಿಸಿದರೂ ಸ್ಕ್ರ್ಯಾಚ್ ಕಾರ್ಡಿನಿಂದಲೇ ಎಂದು ನಿಯಮ ಮಾಡಿದವಳು ನಾನು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕಾರ್ಡು ತರುವುದು, ಬೆಳ್ಳಿಬಣ್ಣ ಕೆರೆಯುವುದು, ಅಡಿಯ ಹದಿನಾರು ಅಂಕಿ ಓದುವುದು, ಮೂರೂ ನನ್ನ ಕೆಲಸ. ಒತ್ತುವುದು ನಿನ್ನದು. ಐದು ವರ್ಷ ಹಾಗೇ ನಡೆಯಿತು. "ಹೇಳೋದು ಜಡ್ಜಮ್ಮ, ಬರ್ಕೊಳ್ಳೋದು ಗುಮಾಸ್ತೆ" ಎಂದು ನಿನ್ನ ಭಾವ ನಗುತ್ತಿದ್ದರು.

ಆ ಸೋಮವಾರ ಅವರ ಆಮ್ಲಜನಕದ ಯಂತ್ರದ ಫಿಲ್ಟರ್ ಕಟ್ಟಿಕೊಂಡಿತು. ಅದು ಅಂಗಡಿಗಳಲ್ಲಿ ಸಿಗುವುದಿಲ್ಲ, ತರಿಸಿದರೆ ಎರಡು ದಿನಕ್ಕೆ ಬರುತ್ತದೆ. ಆಸ್ಪತ್ರೆಗೆ ಮತ್ತೆ ಹೋಗುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು. ನಾನು ಕಾರ್ಡು ತಂದೆ, ಅಂಕಿ ಓದಿದೆ, ನೀನು ಒತ್ತಿದೆ. ಪರದೆಯ ಮೇಲೆ ಅಂಕಿ ಕಾಣುವುದಿಲ್ಲ, ಬರೀ ಚುಕ್ಕಿ. ತಪ್ಪು ಎಂದು ಬಂತು. ಮೂರು ಸಲವೂ ತಪ್ಪು. ಆಮೇಲೆ ಎರಡು ದಿನ ನಮ್ಮ ಹೆಸರಿಗೆ ಏನೂ ಕೊಳ್ಳಲಾಗದಂತೆ ಮುಚ್ಚಿಕೊಂಡಿತು. "ಎಲ್ಲಿ ನೋಡ್ಕೊಂಡು ಒತ್ತುತಾ ಇದೀಯ?" ಎಂದು ಮಗನ ಎದುರಿಗೇ ನಾನು ರೇಗಿದೆ. ಗುರುವಾರ ಮತ್ತೆ ಒತ್ತಿದಾಗ ಒಂದೇ ಸಲಕ್ಕೆ ಆಯಿತು. ಶುಕ್ರವಾರ ಬೆಳಿಗ್ಗೆ ಅವರು ಹೋದರು. ಶನಿವಾರ ಮಧ್ಯಾಹ್ನ ಫಿಲ್ಟರ್ ಬಂತು.

ಬಂದವರೆಲ್ಲರ ಮುಂದೆ ಮಗ, "ಚಿಕ್ಕಮ್ಮ ನಂಬರ್ ಸರಿಯಾಗಿ ಒತ್ತಿದ್ದಿದ್ರೆ ಅಪ್ಪ ಇವತ್ತು ಇರ್ತಿದ್ರು" ಅಂದ. ನೀನು ಹದಿನೈದು ದಿನಕ್ಕೆ ಪೆಟ್ಟಿಗೆ ಕಟ್ಟಿದೆ. ಇನ್ನು ಅವನು ಆ ಮಾತು ಎತ್ತದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಹೊರಟು ಬಾ. ನಿನ್ನ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ. ಬಟ್ಟೆಯ ಥಾನುಗಳನ್ನು ಇಡುತ್ತೇನೆಂದು ಮಾಸ್ಟರ್ ಕೇಳಿದ, ಬೀಗ ಹಾಕಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ನಿನಗೆ ಆರೋಗ್ಯ, ನೆಮ್ಮದಿ ಸಿಗಲಿ ಎಂದು ಹರಸುವ,

ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಬಿಚ್ಚಿದ್ದೇನೆ.

ಅವತ್ತು ನಿನ್ನ ಬೆರಳು ತಪ್ಪಿರಲಿಲ್ಲ. ಕಾರ್ಡು ಕೊಡುವಾಗ ಅಂಗಡಿಯವನು, "ಈ ಸಲದ್ದು ಬಣ್ಣ ಗಟ್ಟಿ ಅಮ್ಮ, ನಾಣ್ಯದಲ್ಲಿ ಮೆಲ್ಲಗೆ ಉಜ್ಜಿ" ಎಂದಿದ್ದ. "ನೀನು ಹುಟ್ಟೋಕೆ ಮುಂಚೆಯಿಂದ ಹೊಲಿಗೆ ಬಿಚ್ಚಿದ ಕೈ ಇದು, ನೀನು ಹೇಳಿಕೊಡಬೇಡ" ಎಂದು ಬಂದೆ. ನಾಣ್ಯಕ್ಕೆ ಬಣ್ಣ ಹೋಗಲಿಲ್ಲ. ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡೆ. ನಮ್ಮಲ್ಲಿ ಬ್ಲೇಡು ಮುಟ್ಟುವವಳು ನಾನೊಬ್ಬಳೇ, ನಲವತ್ತು ವರ್ಷದಲ್ಲಿ ಒಂದು ಬಟ್ಟೆಗೂ ಗೀರು ಬಿದ್ದಿಲ್ಲ. ಬಣ್ಣದ ಜೊತೆಗೆ ಕೊನೆಯ ಮೂರು ಅಂಕಿಯೂ ಎದ್ದುಬಂತು.

ಹಾಳು ಮಾಡಿದೆ ಎಂದು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಕಾರ್ಡು ಬರುತ್ತಿತ್ತು. ಹೇಳಲಿಲ್ಲ. ಉಳಿದ ಗೆರೆ ನೋಡಿ ಊಹಿಸಿ ಓದಿದೆ. ಮೂರು ಸಲವೂ ಅದೇ ಊಹೆ, ಅದೇ ಗಟ್ಟಿ ದನಿ. ಬುಧವಾರ, ಆ ಎರಡು ದಿನ ಮುಗಿಯುವ ಹೊತ್ತಿಗೆ, ನೀನು, "ಅಕ್ಕಾ, ಕಾರ್ಡು ನನ್ನ ಕೈಗೆ ಕೊಡು, ನಾನೇ ನೋಡ್ಕೊಂಡು ಒತ್ತುತೀನಿ" ಎಂದೆ. "ನನ್ನ ಕಣ್ಣಿನ ಮೇಲೆ ನಂಬಿಕೆ ಹೋಯ್ತಾ ನಿನಗೆ?" ಎಂದು ಗದರಿದೆ. ಗುರುವಾರ ಯಾರಿಗೂ ಗೊತ್ತಾಗದಂತೆ ಬೇರೆ ಬೀದಿಯ ಅಂಗಡಿಯಿಂದ ಹೊಸ ಕಾರ್ಡು ತಂದೆ.

ಹಾಳಾದ ಕಾರ್ಡನ್ನು ಇದರೊಳಗೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು, ಬ್ಲೇಡಿನ ಗೆರೆ ಕಾಣುತ್ತದೆ. ಮಗನಿಗೆ ಹೇಳಲು ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ನೀನು ಬಂದರೂ ಬರದಿದ್ದರೂ ಈ ಕಾಗದವನ್ನೂ ಕಾರ್ಡನ್ನೂ ಅವನಿಗೆ ತಲುಪಿಸು.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಬುಧವಾರ ಸಂಜೆ ನೀನು ಕೋಣೆಯಿಂದ ಆಚೆ ಹೋದ ಮೇಲೆ ನಿನ್ನ ಭಾವ ನನ್ನ ಸೆರಗು ಹಿಡಿದು ಕೂರಿಸಿಕೊಂಡರು. ಒಂದೊಂದು ಪದಕ್ಕೂ ನಿಂತು ನಿಂತು, "ಟಕಟಕಿ ಬೆರಳು ತಪ್ಪಲ್ಲ ಕಣೇ. ಆ ಕಾರ್ಡು ಇಲ್ಲಿ ತಾ, ನೋಡ್ತೀನಿ" ಎಂದರು. "ಮಾತಾಡಬೇಡಿ, ಉಸಿರು ಉಳಿಸ್ಕೊಳ್ಳಿ" ಎಂದೆ. ಅವರು ಸೆರಗು ಬಿಟ್ಟರು. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.